ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ ನನಗೂ ಬರಲೇಬೇಕಾ? ಜೀನ್ ಮತ್ತು ಊಟದ ಬಗ್ಗೆ ಗೊತ್ತಿರುವವರು ಹೇಳಿ

ನೀಲಿಛತ್ರಿ

ನಮಸ್ಕಾರ ಎಲ್ಲರಿಗೂ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಇಬ್ಬರು ಚಿಕ್ಕಪ್ಪಂದಿರಿಗೂ ಇದೆ. ನನಗೀಗ ಮೂವತ್ತು ದಾಟಿದೆ. ಅಣ್ಣ ಹೇಳುವುದು, "ಇದು ರಕ್ತದಲ್ಲೇ ಬಂದಿದೆ, ನೀನು ಏನು ತಿಂದರೂ ಬಿಟ್ಟರೂ ಅಷ್ಟೇ." ಅತ್ತಿಗೆ ಹೇಳುವುದು, "ಜೀನ್ ಗೀನ್ ಎಲ್ಲಾ ನೆಪ, ಇರುವುದೆಲ್ಲಾ ತಟ್ಟೆಯಲ್ಲಿ." ಇವರಿಬ್ಬರ ವಾದ ಕೇಳಿ ಕೇಳಿ ಸಾಕಾಗಿ ಎಂಜಲು ಕಳಿಸಿ ಡಿಎನ್ಎ ಪರೀಕ್ಷೆ ಮಾಡಿಸಿದೆ. ಯಾವ ಕಂಪನಿ ಅಂತ ಹೇಳುವುದಿಲ್ಲ. ವರದಿಯಲ್ಲಿ ಎಫ್‌ಟಿಒ ಮತ್ತು ಟಿಸಿಎಫ್7ಎಲ್2 ಅಂತ ಎರಡು ಜೀನ್‌ಗಳ ಎದುರು ಕೆಂಪು ಗುರುತಿದೆ. ಕೆಳಗೆ "ನಿಮ್ಮ ಜೀನ್‌ಗಳಿಗೆ ಕಡಿಮೆ ಕೊಬ್ಬಿನ ಊಟ ಹೊಂದುತ್ತದೆ" ಎಂಬ ಸಲಹೆ. ಅದರ ಪಕ್ಕದಲ್ಲೇ ಅವರದೇ ಒಂದು ಪೌಡರ್ ಡಬ್ಬದ ಜಾಹೀರಾತು.

ಅಣ್ಣ ಸರಿನಾ, ಅತ್ತಿಗೆ ಸರಿನಾ? ಈ ವರದಿಯನ್ನು ಎಷ್ಟು ನಂಬಬಹುದು?

ಖಾಲಿಪುಟ

ಪೌಡರ್ ಡಬ್ಬ ಇದೆ ಅಂದಮೇಲೆ ಅರ್ಧ ಉತ್ತರ ಸಿಕ್ಕಿತಲ್ಲ 😄

ಕಿಣ್ವದಕೀಲಿ

ನೀಲಿಛತ್ರಿಯವರೇ, ನಾನು ಜೀವರಸಾಯನಶಾಸ್ತ್ರ ಪಾಠ ಮಾಡುವವಳು, ವೈದ್ಯೆ ಅಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಸ್ವಲ್ಪ ಉದ್ದ ಆಗುತ್ತದೆ.

ಅಣ್ಣ, ಅತ್ತಿಗೆ ಇಬ್ಬರೂ ಒಂದೇ ತಪ್ಪು ಮಾಡುತ್ತಿದ್ದಾರೆ. ಕಾಯಿಲೆಯಲ್ಲಿ ಜೀನ್ ಪಾಲು ಇಷ್ಟು, ಊಟದ ಪಾಲು ಇಷ್ಟು ಅಂತ ಆಸ್ತಿ ಭಾಗ ಮಾಡಿದ ಹಾಗೆ ಮಾಡಲು ಹೊರಟಿದ್ದಾರೆ. ಎಷ್ಟೋ ಕಾಯಿಲೆಗಳಲ್ಲಿ ಹಾಗೆ ಭಾಗ ಮಾಡಲು ಬರುವುದೇ ಇಲ್ಲ. ಯಾವ ಊಟ ಸಿಗುತ್ತಿದೆ ಎನ್ನುವುದರ ಮೇಲೆ ಅದೇ ಜೀನ್ ಕಾಯಿಲೆ ತರಬಹುದು, ತರದೆಯೂ ಇರಬಹುದು.

ನಮ್ಮೆಲ್ಲರದೇ ಉದಾಹರಣೆ ತೆಗೆದುಕೊಳ್ಳಿ. ಹೆಚ್ಚಿನ ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ ಸಿ ತಾವೇ ತಯಾರಿಸಿಕೊಳ್ಳುತ್ತವೆ. ನಾಯಿ, ಹಸು, ಇಲಿ ಎಲ್ಲವೂ. ಅದರ ಕೊನೆಯ ಹಂತಕ್ಕೆ ಬೇಕಾದ ಕಿಣ್ವ ಗುಲೊ ಎಂಬ ಜೀನ್‌ನಿಂದ ಬರುತ್ತದೆ. ಮನುಷ್ಯರಲ್ಲಿ ಆ ಜೀನ್ ಮುರಿದುಬಿದ್ದಿದೆ. ಕೋಟ್ಯಂತರ ವರ್ಷಗಳ ಹಿಂದೆ, ನಮಗೂ ಮಂಗಗಳಿಗೂ ಸಮಾನವಾದ ಪೂರ್ವಜರಲ್ಲೇ ಅದು ಕೆಟ್ಟಿತು. ಅದರ ಅವಶೇಷ ಈಗಲೂ ನಮ್ಮ ಡಿಎನ್ಎಯಲ್ಲಿದೆ, ಕೆಲಸ ಮಾತ್ರ ಮಾಡುವುದಿಲ್ಲ. ಅಂದರೆ ಹುಟ್ಟಿದ ಪ್ರತಿಯೊಬ್ಬರಿಗೂ ಈ ಜೀನ್ ದೋಷ ಇದೆ. ಹಣ್ಣು ತರಕಾರಿ ಸಿಗುವವರೆಗೆ ಅದು ಗೊತ್ತೇ ಆಗುವುದಿಲ್ಲ. ತಿಂಗಳುಗಟ್ಟಲೆ ಹಡಗಿನಲ್ಲಿದ್ದ ನಾವಿಕರಿಗೆ ಗೊತ್ತಾಯಿತು. ವಸಡಿನಲ್ಲಿ ರಕ್ತ ಬಂತು, ಹಲ್ಲು ಉದುರಿತು, ಹಳೆಯ ಗಾಯಗಳು ಮತ್ತೆ ಬಾಯಿಬಿಟ್ಟವು. ಅದೇ ಸ್ಕರ್ವಿ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು.

ಈಗ ಹೇಳಿ, ಸ್ಕರ್ವಿ ಜೀನ್‌ನಿಂದ ಬರುವ ಕಾಯಿಲೆನಾ, ಊಟದಿಂದ ಬರುವ ಕಾಯಿಲೆನಾ? ಎಲ್ಲರಲ್ಲೂ ಜೀನ್ ಒಂದೇ ರೀತಿ ಕೆಟ್ಟಿರುವುದರಿಂದ ನಾವು ಅದನ್ನು ಊಟದ ಕಾಯಿಲೆ ಅನ್ನುತ್ತೇವೆ. ನೂರರಲ್ಲಿ ಒಬ್ಬರಿಗೆ ಮಾತ್ರ ಕೆಟ್ಟಿದ್ದರೆ ವಂಶದ ಕಾಯಿಲೆ ಅನ್ನುತ್ತಿದ್ದೆವು.

ಇದರ ಇನ್ನೊಂದು ತುದಿ ಪಿಕೆಯು, ಪೂರ್ತಿ ಹೆಸರು ಫಿನೈಲ್‌ಕಿಟೋನ್ಯೂರಿಯಾ. ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ ಬಹುತೇಕ ಎಲ್ಲಾ ಪ್ರೋಟೀನ್‌ನಲ್ಲೂ ಇರುತ್ತದೆ. ಅದನ್ನು ಬದಲಾಯಿಸುವ ಕಿಣ್ವದ ಜೀನ್ ಅಪ್ಪ, ಅಮ್ಮ ಇಬ್ಬರಿಂದಲೂ ಕೆಟ್ಟು ಬಂದರೆ, ಆ ಅಮೈನೋ ಆಮ್ಲ ಮಗುವಿನ ರಕ್ತದಲ್ಲಿ ಏರುತ್ತಾ ಹೋಗಿ ಮೆದುಳನ್ನು ಹಾಳು ಮಾಡುತ್ತದೆ. 1934ರಲ್ಲಿ ನಾರ್ವೆಯ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳ ಬೆಳವಣಿಗೆ ಯಾಕೆ ನಿಂತಿತು, ಅವರ ಮೈಯಿಂದ ವಿಚಿತ್ರ ವಾಸನೆ ಯಾಕೆ ಬರುತ್ತದೆ ಎಂದು ಕೇಳುತ್ತಾ ವೈದ್ಯರಿಂದ ವೈದ್ಯರಿಗೆ ಅಲೆದರು. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿ ನೋಡಿದರು. ಅದು ಹಸಿರಾಯಿತು. ಆ ಜಾಡು ಹಿಡಿದು ಕಾಯಿಲೆ ಪತ್ತೆ ಮಾಡಿದರು. ಆ ತಾಯಿ ಬಿಡದೆ ಕೇಳದೇ ಹೋಗಿದ್ದರೆ ಇನ್ನೆಷ್ಟು ವರ್ಷ ಬೇಕಾಗುತ್ತಿತ್ತೋ.

1950ರ ದಶಕದ ಆರಂಭದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹೋರ್ಸ್ಟ್ ಬಿಕೆಲ್ ಮತ್ತು ಜೊತೆಗಾರರು ಫಿನೈಲ್‌ಅಲನಿನ್ ಕಡಿಮೆ ಇರುವ ಆಹಾರವನ್ನು ಒಂದು ಮಗುವಿಗೆ ಕೊಟ್ಟು ಸುಧಾರಣೆ ಕಂಡರು. 1960ರ ದಶಕದಲ್ಲಿ ರಾಬರ್ಟ್ ಗಥ್ರಿ, ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಅಗ್ಗದ ವಿಧಾನ ತಂದರು. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಯಾಗಿ, ಆಹಾರ ಸರಿಯಾಗಿ ನಡೆದರೆ, ಆ ಮಗು ಉಳಿದ ಮಕ್ಕಳಂತೆಯೇ ಓದಿ ಬೆಳೆಯುತ್ತದೆ. ಜೀನ್ ಮೊದಲು ಹೇಗಿತ್ತೋ ಹಾಗೇ ಇರುತ್ತದೆ.

ಹಾಗಾಗಿ "ರಕ್ತದಲ್ಲೇ ಬಂದಿದೆ, ಏನೂ ಮಾಡಲಾಗದು" ಎಂಬ ನಿಮ್ಮ ಅಣ್ಣನ ವಾದ ಇಲ್ಲೇ ಬಿದ್ದುಹೋಗುತ್ತದೆ. ಪೂರ್ತಿ ಜೀನ್‌ನದೇ ಎನ್ನಿಸುವ ಕಾಯಿಲೆಯನ್ನು ಪೂರ್ತಿ ಊಟದಿಂದ ತಡೆಯಬಹುದು. ಸಕ್ಕರೆ ಕಾಯಿಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಕ್ಲಾಸ್ ಇದೆ.

ಮಧ್ಯಂತರ

ತಂಪು ಪಾನೀಯದ ಬಾಟಲಿ ಮೇಲೆ "ಫಿನೈಲ್‌ಕಿಟೋನ್ಯೂರಿಯಾ ಇರುವವರಿಗೆ ಸೂಕ್ತವಲ್ಲ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದು ಇದೇನಾ? ನಾನು ಇಷ್ಟು ದಿನ ಏನೋ ವಿಷ ಇದೆ ಅಂತ ಹೆದರಿಕೊಂಡಿದ್ದೆ.

ಕಿಣ್ವದಕೀಲಿ

ಅದೇ. ಸಕ್ಕರೆ ಬದಲು ಹಾಕುವ ಆಸ್ಪಾರ್ಟೇಮ್ ಒಡೆದಾಗ ಅದರ ತೂಕದ ಸುಮಾರು ಅರ್ಧದಷ್ಟು ಫಿನೈಲ್‌ಅಲನಿನ್ ಬರುತ್ತದೆ. ಪಿಕೆಯು ಇಲ್ಲದವರಿಗೆ ಆ ಎಚ್ಚರಿಕೆ ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯ. ಪಿಕೆಯು ಇರುವ ಹುಡುಗಿ ದೊಡ್ಡವಳಾದ ಮೇಲೆ ಆಹಾರದ ಕಟ್ಟುನಿಟ್ಟು ಬಿಟ್ಟು ಗರ್ಭಿಣಿಯಾದರೆ, ಹೊಟ್ಟೆಯಲ್ಲಿರುವ ಮಗುವಿಗೆ ಪಿಕೆಯು ಇಲ್ಲದಿದ್ದರೂ ಮೆದುಳಿಗೂ ಹೃದಯಕ್ಕೂ ಪೆಟ್ಟು ಬೀಳಬಹುದು. ಯಾಕೆಂದರೆ ಮಗು ಬೆಳೆಯುವುದು ಅಮ್ಮನ ರಕ್ತದಲ್ಲಿರುವ ಮಟ್ಟದಲ್ಲಿ. ಇಲ್ಲಿ ಜೀನ್ ಅಮ್ಮನದು, ಊಟ ಅಮ್ಮನದು, ಕಾಯಿಲೆ ಮಗುವಿಗೆ.

ಸಂಶಯಪ್ರಾಣಿ

ಎಲ್ಲಾ ಚೆನ್ನಾಗಿದೆ ಮೇಡಂ. ಆದರೆ ಇವು ಹತ್ತು ಸಾವಿರದಲ್ಲಿ ಒಬ್ಬರಿಗೆ ಬರುವ ಕಾಯಿಲೆಗಳು. ಒಂದು ಜೀನ್, ಒಂದು ಕಿಣ್ವ, ಒಂದು ಪಥ್ಯ. ಕೇಳಿದವರ ಪ್ರಶ್ನೆ ಸಕ್ಕರೆ ಕಾಯಿಲೆ. ಅದಕ್ಕೆ ನೂರಾರು ಜೀನ್ ಕಾರಣ ಅಂತಾರೆ. ಪಿಕೆಯು ಕಥೆ ಹೇಳಿ ಸಕ್ಕರೆ ಕಾಯಿಲೆಗೆ ಭರವಸೆ ಕೊಡುವುದು ಸರಿನಾ? ಡಿಎನ್ಎ ಪಥ್ಯ ಮಾರುವ ಕಂಪನಿಗಳು ಮಾಡುವುದೂ ಇದನ್ನೇ ಅಲ್ವಾ?

ಕಿಣ್ವದಕೀಲಿ

ಬಹಳ ಸರಿಯಾದ ಪ್ರಶ್ನೆ. ಪಿಕೆಯು ಲೆಕ್ಕವನ್ನು ಸಕ್ಕರೆ ಕಾಯಿಲೆಗೆ ನೇರವಾಗಿ ತರಲು ಬರುವುದಿಲ್ಲ. ಆದರೆ ಅಲ್ಲಿಗೆ ಬೇರೆಯದೇ ಪುರಾವೆ ಇದೆ.

ಪೀಮಾ ಎಂಬ ಮೂಲನಿವಾಸಿ ಸಮುದಾಯದ ಒಂದು ಗುಂಪು ಅಮೆರಿಕದ ಅರಿಜೋನಾದಲ್ಲಿದೆ, ಇನ್ನೊಂದು ಮೆಕ್ಸಿಕೋದ ಬೆಟ್ಟಗಳಲ್ಲಿದೆ. ಎರಡಕ್ಕೂ ವಂಶ ಬಹಳ ಹತ್ತಿರದ್ದು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅರಿಜೋನಾದ ಪೀಮಾ ವಯಸ್ಕರಲ್ಲಿ ಶೇ 38ರಷ್ಟು ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಮೆಕ್ಸಿಕೋ ಕಡೆಯವರಲ್ಲಿ ಶೇ 6.9. ಆ ಬೆಟ್ಟದವರು ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದರು, ಬೆಳೆದದ್ದನ್ನು ತಿನ್ನುತ್ತಿದ್ದರು. ಬೊಜ್ಜು ಕಡಿಮೆ ಇತ್ತು. ಪೀಮಾ ಜನರಿಗೆ ಸಕ್ಕರೆ ಕಾಯಿಲೆಯ ಒಲವು ವಂಶದಲ್ಲೇ ಇದೆ ಅಂತ ದಶಕಗಳಿಂದ ಹೇಳುತ್ತಿದ್ದರು. ಒಲವು ಇರಬಹುದು. ಆದರೆ ಅದು ಕಾಯಿಲೆಯಾಗಿ ಬೆಳೆಯಲು ಏನೇನು ಬೇಕಿತ್ತು ಎನ್ನುವುದು ಈ ಎರಡು ಅಂಕಿಗಳ ನಡುವೆ ಕಾಣುತ್ತದೆ.

ಇನ್ನು ನೀಲಿಛತ್ರಿಯವರ ಕೆಂಪು ಗುರುತು. ಟಿಸಿಎಫ್7ಎಲ್2 ಎರಡನೇ ಬಗೆಯ ಸಕ್ಕರೆ ಕಾಯಿಲೆಯ ಅಪಾಯ ಹೇಳುವ ಸಾಮಾನ್ಯ ಜೀನ್‌ಗಳಲ್ಲಿ ಪ್ರಬಲವಾದುದು. 2006ರಲ್ಲಿ ಐಸ್‌ಲ್ಯಾಂಡ್‌ನ ತಂಡ ಇದನ್ನು ಗುರುತಿಸಿತು. ಪ್ರತಿ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಎಂದು ಎರಡು ಪ್ರತಿ ಬರುತ್ತದೆ. ಅಪಾಯದ ರೂಪ ಒಂದು ಪ್ರತಿ ಇದ್ದರೆ ಅಪಾಯ ಸುಮಾರು ಒಂದೂವರೆ ಪಟ್ಟಿನ ಹತ್ತಿರ ಹೋಗುತ್ತದೆ, ಎರಡು ಪ್ರತಿ ಇದ್ದರೆ ಎರಡು ಪಟ್ಟಿನ ಹತ್ತಿರ. "ಪ್ರಬಲ" ಅಂದದ್ದು ಇಷ್ಟಕ್ಕೇ. ಉಳಿದ ನೂರಾರು ಜೀನ್‌ಗಳು ಒಂದೊಂದೂ ಇದಕ್ಕಿಂತ ದುರ್ಬಲ.

ಅಮೆರಿಕದಲ್ಲಿ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ ಎಂಬ ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2002ರಲ್ಲಿ. ಸಕ್ಕರೆ ಗಡಿಯಲ್ಲಿದ್ದ 3,234 ಜನ. ಒಂದು ಗುಂಪಿಗೆ ಊಟ ತಿದ್ದಿ ತೂಕ ಶೇ 7 ಇಳಿಸುವುದು, ವಾರಕ್ಕೆ 150 ನಿಮಿಷ ವ್ಯಾಯಾಮ. ಇನ್ನೊಂದಕ್ಕೆ ಮೆಟ್‌ಫಾರ್ಮಿನ್ ಮಾತ್ರೆ. ಮತ್ತೊಂದಕ್ಕೆ ಹುಸಿ ಮಾತ್ರೆ. ಹುಸಿ ಮಾತ್ರೆಯವರಿಗಿಂತ ಮೊದಲ ಗುಂಪಿನಲ್ಲಿ ಹೊಸದಾಗಿ ಕಾಯಿಲೆ ಬಂದವರು ಶೇ 58 ಕಡಿಮೆ, ಮೆಟ್‌ಫಾರ್ಮಿನ್ ಗುಂಪಿನಲ್ಲಿ ಶೇ 31 ಕಡಿಮೆ. ಆಮೇಲೆ ಅವರ ಡಿಎನ್ಎ ನೋಡಿದರು. ಹುಸಿ ಮಾತ್ರೆ ಗುಂಪಿನಲ್ಲಿ ಟಿಸಿಎಫ್7ಎಲ್2 ಕೆಟ್ಟ ರೂಪ ಎರಡು ಪ್ರತಿ ಇದ್ದವರಿಗೆ ಕಾಯಿಲೆ ಜಾಸ್ತಿ ಬಂದಿತ್ತು. ಊಟ ಮತ್ತು ವ್ಯಾಯಾಮದ ಗುಂಪಿನಲ್ಲಿ ಆ ವ್ಯತ್ಯಾಸ ಬಹುಪಾಲು ಕರಗಿಹೋಗಿತ್ತು.

ಸಂಶಯಪ್ರಾಣಿಯವರೇ, ನೀವು ಕೇಳಿದ್ದಕ್ಕೆ ಇದು ಉತ್ತರ ಅಂದುಕೊಳ್ಳುತ್ತೇನೆ.

ಸಂಶಯಪ್ರಾಣಿ

ಮುಕ್ಕಾಲು ಒಪ್ಪಿದೆ. ಆದರೆ ಗಮನಿಸಿ, ಆ ಕೆಟ್ಟ ರೂಪದ ಜೀನ್ ಇಲ್ಲದವರಿಗೂ ಅದೇ ಊಟ, ಅದೇ ನಡಿಗೆ ಕೆಲಸಕ್ಕೆ ಬಂದಿದೆ. ಹಾಗಾದರೆ ಜೀನ್ ಪರೀಕ್ಷೆ ಮಾಡಿಸಿ ಹೊಸದಾಗಿ ಏನು ಗೊತ್ತಾಯಿತು?

ಕಿಣ್ವದಕೀಲಿ

ಸಕ್ಕರೆ ಕಾಯಿಲೆ ಮಟ್ಟಿಗೆ ಹೆಚ್ಚೇನೂ ಇಲ್ಲ. ಅಪ್ಪನಿಗೆ, ಚಿಕ್ಕಪ್ಪಂದಿರಿಗೆ ಇದೆ ಎನ್ನುವ ವಿಷಯವೇ ಆ ಎರಡು ಕೆಂಪು ಗುರುತಿಗಿಂತ ಹೆಚ್ಚು ಹೇಳುತ್ತದೆ, ಅದೂ ಪುಕ್ಕಟೆಯಾಗಿ.

ಎಫ್‌ಟಿಒ ಬಗ್ಗೆಯೂ ಹೇಳಿಬಿಡುತ್ತೇನೆ. 2007ರಲ್ಲಿ ಸಿಕ್ಕಾಗ "ಬೊಜ್ಜಿನ ಜೀನ್" ಅಂತ ದೊಡ್ಡ ಸುದ್ದಿಯಾಯಿತು. ಅದರ ಅಪಾಯದ ರೂಪ ಎರಡು ಪ್ರತಿ ಇರುವವರು ಒಂದೂ ಇಲ್ಲದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ತೂಗುತ್ತಾರೆ. ಅಷ್ಟೇ. ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ, ಮೈಗೆ ಕೆಲಸ ಕೊಡುವವರಲ್ಲಿ ಈ ಜೀನ್‌ನಿಂದ ಬೊಜ್ಜು ಬರುವ ಸಾಧ್ಯತೆಯ ಏರಿಕೆ ಸುಮಾರು ಕಾಲು ಭಾಗ ತಗ್ಗಿತ್ತು. ಇದು ಹೆಚ್ಚಾಗಿ ಕೆಲಸ ಮಾಡುವುದು ಹಸಿವು, ಹೊಟ್ಟೆ ತುಂಬಿದ ಭಾವನೆ ಇವುಗಳ ಮೂಲಕ. ಕೆಲವರಿಗೆ ಹಸಿವು ಜೋರು, ಅದು ಅವರ ದುರಾಸೆ ಅಲ್ಲ. ನಿಮ್ಮ ಅತ್ತಿಗೆಗೆ ಇದನ್ನು ಓದಿ ಹೇಳಿ.

ನೆಲಗುಮ್ಮ

ನಾನೊಂದು ಅನುಭವ ಹೇಳಲಾ? ಮಗನಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದೆ. ಹುಟ್ಟಿದಾಗ ಕಾಮಾಲೆ ಜೋರಾಗಿ ಬಂತು, ಆಗ ಪತ್ತೆಯಾಯಿತು. ಫಾವಾ ಬೀನ್ಸ್ ಕೊಡಬೇಡಿ, ಕೆಲವು ಮಾತ್ರೆ ಕೊಡಬೇಡಿ, ಬಟ್ಟೆ ನಡುವೆ ಇಡುವ ನ್ಯಾಫ್ತಲಿನ್ ಗುಳಿಗೆ ಮನೆಯಲ್ಲಿ ಇಡಬೇಡಿ ಅಂತ ಡಾಕ್ಟರ್ ಪಟ್ಟಿ ಕೊಟ್ಟರು. ಅವನು ಈಗ ಶಾಲೆಗೆ ಹೋಗುತ್ತಾನೆ, ಫುಟ್‌ಬಾಲ್ ಆಡುತ್ತಾನೆ, ಏನೂ ತೊಂದರೆ ಇಲ್ಲ. ನಮ್ಮ ನೆಂಟರಿಗೆ ಮಾತ್ರ ಇದು ಅರ್ಥವೇ ಆಗುವುದಿಲ್ಲ. "ಎಲ್ಲರೂ ತಿನ್ನುವ ಕಾಳು ಅವನಿಗೊಬ್ಬನಿಗೆ ಹೇಗೆ ವಿಷ?" ಅಂತಾರೆ. ಒಮ್ಮೆ ಅವನ ಅಜ್ಜಿಗೆ ಹೇಳಿ ಹೇಳಿ ನನಗೆ ಅಳು ಬಂದಿತ್ತು.

ಕಿಣ್ವದಕೀಲಿ

ನೆಲಗುಮ್ಮ ಅವರೇ, ನೆಂಟರಿಗೆ ಹೀಗೆ ಹೇಳಿ ನೋಡಿ. ಫಾವಾ ಕಾಳಿನಲ್ಲಿ ವೈಸಿನ್, ಕಾನ್‌ವೈಸಿನ್ ಎಂಬ ಎರಡು ವಸ್ತುಗಳಿವೆ. ಜೀರ್ಣವಾದಾಗ ಅವು ಕೆಂಪು ರಕ್ತಕಣವನ್ನು ಒಳಗಿನಿಂದ ಸುಡುವಂಥ ರಾಸಾಯನಿಕಗಳಾಗುತ್ತವೆ. ಉಳಿದವರ ರಕ್ತಕಣ ಜಿ6ಪಿಡಿ ಕಿಣ್ವದ ಬಲದಿಂದ ಅದನ್ನು ತಡೆದುಕೊಳ್ಳುತ್ತದೆ. ಇವನ ರಕ್ತಕಣ ಒಡೆಯುತ್ತದೆ. ಮೂತ್ರ ಕಪ್ಪಾಗುವುದು, ಕಣ್ಣು ಹಳದಿಯಾಗುವುದು, ಮಗು ಬಿಳಿಚಿಕೊಳ್ಳುವುದು, ಇದರಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಹುಡುಗರಿಗೆ ಒಂದೇ ಎಕ್ಸ್ ಇರುವುದರಿಂದ ಅವರಲ್ಲೇ ಹೆಚ್ಚು ಕಾಣುತ್ತದೆ. ಇಡೀ ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ, ಅಪರೂಪವೇನಲ್ಲ. ಮಲೇರಿಯಾ ಕಾಡಿದ ಪ್ರದೇಶಗಳಲ್ಲೇ ಇದು ಹೆಚ್ಚು. ಇಂಥ ರಕ್ತಕಣದಲ್ಲಿ ಮಲೇರಿಯಾ ಪರಾವಲಂಬಿ ಚೆನ್ನಾಗಿ ಬೆಳೆಯುವುದಿಲ್ಲ. ವಿಚಿತ್ರ ಏನೆಂದರೆ ಈ ಕೊರತೆ ಪತ್ತೆಯಾದದ್ದೂ ಮಲೇರಿಯಾ ಔಷಧಿಯಿಂದಲೇ. ಪ್ರೈಮಾಕ್ವಿನ್ ಕೊಟ್ಟಾಗ ಕೆಲವರ ರಕ್ತ ಒಡೆಯುತ್ತಿತ್ತು, ಯಾಕೆ ಎಂದು ಹುಡುಕಿದಾಗ 1956ರಲ್ಲಿ ಈ ಕಿಣ್ವ ಸಿಕ್ಕಿತು.

ಹಾಲುಗಲ್ಲ

ನನ್ನದು ಸಣ್ಣ ಪ್ರಶ್ನೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ. ಇದೂ ಜೀನಾ? ಇದಕ್ಕೂ ಪರೀಕ್ಷೆ ಬೇಕಾ?

ಮಧ್ಯಂತರ

ಇದನ್ನು ನಾನು ಹೇಳುತ್ತೇನೆ, ಓದಿಕೊಂಡಿದ್ದೇನೆ. ಚಿಕ್ಕ ಮಗುವಾಗಿದ್ದಾಗ ಎಲ್ಲರಿಗೂ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುತ್ತದೆ. ದೊಡ್ಡವರಾದಂತೆ ಪ್ರಪಂಚದ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಅದು ಕಡಿಮೆಯಾಗುತ್ತದೆ. ಅಂದರೆ ನಿಮ್ಮದು ದೋಷವೇ ಅಲ್ಲ, ಅದೇ ಮೂಲ ಸ್ಥಿತಿ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವವರಲ್ಲೇ ಜೀನ್ ಬದಲಾಗಿರುವುದು. ಯುರೋಪಿನವರಲ್ಲಿ ಒಂದು ಬದಲಾವಣೆ, ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಬೇರೆಯೇ ಬದಲಾವಣೆ. ದನ ಸಾಕಿದ ಕಡೆಯೆಲ್ಲ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ.

ಪರೀಕ್ಷೆ ಯಾಕೆ, ಹಾಲು ಬಿಟ್ಟು ನೋಡಿ, ಮತ್ತೆ ಕುಡಿದು ನೋಡಿ. ಲ್ಯಾಕ್ಟೇಸ್ ಕಡಿಮೆ ಇದ್ದರೂ ಒಂದು ಲೋಟ ಹಾಲು ಊಟದ ಜೊತೆ ಎಷ್ಟೋ ಜನಕ್ಕೆ ತಡೆಯುತ್ತದೆ. ಮೊಸರು ಇನ್ನೂ ಸುಲಭ, ಅದರಲ್ಲಿರುವ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸ್ ಒಡೆಯಲು ನೆರವಾಗುತ್ತವೆ.

ಸಂಶಯಪ್ರಾಣಿ

ಕಿಣ್ವ ಮೇಡಂ ಪೋಸ್ಟ್ ಕಸಿದುಕೊಂಡಿರಿ ಮಧ್ಯಂತರ 😄 ಒಂದು ಮಾತು ಸೇರಿಸಿ: ಉಬ್ಬರದ ಜೊತೆಗೆ ರಕ್ತ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಹಾಲಿನ ಮೇಲೆ ಹಾಕಿ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಗೋಧಿಬಣ್ಣ

ನನಗೂ ಎಂಜಲು ಪರೀಕ್ಷೆಯಲ್ಲಿ "ಸೀಲಿಯಾಕ್ ಜೀನ್ ಇದೆ, ಗ್ಲುಟೆನ್ ಬಿಡಿ" ಅಂತ ಬಂತು. ಗೋಧಿ ಬಿಟ್ಟಿದ್ದೇನೆ. ಹೊಟ್ಟೆ ಸ್ವಲ್ಪ ಹಗುರ ಅನ್ನಿಸುತ್ತಿದೆ. ಮುಂದುವರಿಸಲಾ?

ಕಿಣ್ವದಕೀಲಿ

ಇದಕ್ಕೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಸೀಲಿಯಾಕ್ ಅಂದರೆ ಗೋಧಿಯಂಥ ಧಾನ್ಯದ ಪ್ರೋಟೀನ್ ಆದ ಗ್ಲುಟೆನ್ ತಿಂದಾಗ ಮೈಯ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳನ್ನು ಹಾಳು ಮಾಡುವ ಕಾಯಿಲೆ. ವರದಿಯಲ್ಲಿ ಬಂದಿರುವುದು ಎಚ್‌ಎಲ್‌ಎ-ಡಿಕ್ಯು2 ಅಥವಾ ಡಿಕ್ಯು8 ಇರಬೇಕು. ಹಲವು ದೇಶಗಳಲ್ಲಿ ನೂರರಲ್ಲಿ 30-40 ಮಂದಿಗೆ ಇವು ಇರುತ್ತವೆ. ಸೀಲಿಯಾಕ್ ಬರುವುದು ನೂರರಲ್ಲಿ ಸುಮಾರು ಒಬ್ಬರಿಗೆ. ಈ ಜೀನ್ ಇಲ್ಲದಿದ್ದರೆ ಕಾಯಿಲೆ ಬರುವುದು ತೀರಾ ಕಡಿಮೆ, ಇದ್ದರೆ ಬಂದೇ ಬರುತ್ತದೆ ಅಂತಲ್ಲ. ಅಂದರೆ ಈ ಪರೀಕ್ಷೆಯಿಂದ "ಸೀಲಿಯಾಕ್ ಅಲ್ಲ" ಅಂತ ಹೇಳಬಹುದು, "ಹೌದು" ಅಂತ ಹೇಳಲಾಗದು.

ಸಮಸ್ಯೆ ಏನೆಂದರೆ, ನಿಜವಾಗಿ ಸೀಲಿಯಾಕ್ ಇದೆಯೋ ಇಲ್ಲವೋ ತಿಳಿಯುವ ರಕ್ತಪರೀಕ್ಷೆ ಕೆಲಸ ಮಾಡುವುದು ನೀವು ಗ್ಲುಟೆನ್ ತಿನ್ನುತ್ತಿದ್ದಾಗ. ಬಿಟ್ಟು ಬಹಳ ದಿನವಾದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಪಥ್ಯ ಹಿಡಿಯುವ ಮೊದಲೇ ಡಾಕ್ಟರ್ ನೋಡಬೇಕಿತ್ತು ಅಂತ ಆ ವರದಿಯಲ್ಲೇ ಬರೆಯಬೇಕಿತ್ತು. ಬರೆಯುವುದಿಲ್ಲ. ನನಗೆ ಇವರ ಮೇಲೆ ಸಿಟ್ಟು ಬರುವುದೇ ಇಲ್ಲಿ. ಈಗಲಾದರೂ ಹೊಟ್ಟೆಯ ತಜ್ಞರಿಗೆ ತೋರಿಸಿ, ಮತ್ತೆ ಗ್ಲುಟೆನ್ ಎಷ್ಟು ದಿನ ತಿಂದು ಪರೀಕ್ಷೆ ಮಾಡಬೇಕು ಎಂದು ಅವರೇ ಹೇಳುತ್ತಾರೆ.

ಗೋಧಿಗೂ ಈ ಕಾಯಿಲೆಗೂ ನಂಟು ಇದೆ ಎಂದು ತೋರಿಸಿದವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಅವರಿಗೆ ಅನುಮಾನ ಮೊದಲೇ ಇತ್ತು. 1944-45ರ ಚಳಿಗಾಲದಲ್ಲಿ ಯುದ್ಧದಿಂದ ಬ್ರೆಡ್ ಸಿಗದಂತಾಯಿತು. ಊರೆಲ್ಲ ಹಸಿದಿದ್ದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು.

ಪಾರಿಜಾತ

ಅದೇ ಚಳಿಗಾಲದ ಬಗ್ಗೆ ನಾನು ಬೇರೆ ಏನೋ ಓದಿದ್ದೆ. ಆಗ ಗರ್ಭಿಣಿಯರಾಗಿದ್ದವರ ಮಕ್ಕಳಿಗೆ ದೊಡ್ಡವರಾದ ಮೇಲೆ ಕಾಯಿಲೆ ಬಂತಂತೆ, ಮೊಮ್ಮಕ್ಕಳಿಗೂ ಬಂತಂತೆ. ಹೌದಾ? ನಾನೀಗ ಐದನೇ ತಿಂಗಳು. ಮೊದಲ ಮೂರು ತಿಂಗಳು ವಾಂತಿಯಿಂದ ಏನೂ ತಿನ್ನಲಾಗಲಿಲ್ಲ. ಇದನ್ನೆಲ್ಲ ಓದಿ ನಿದ್ದೆ ಬರುತ್ತಿಲ್ಲ.

ಕಿಣ್ವದಕೀಲಿ

ಪಾರಿಜಾತ, ಮೊದಲು ಇದು: ಆ ಬರಗಾಲದಲ್ಲಿ ನಗರದವರಿಗೆ ಸಿಗುತ್ತಿದ್ದ ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗೆ ಹೋಗಿ, ಕೊನೆಗೆ ನಾನೂರು ಐನೂರರ ಮಟ್ಟಕ್ಕೆ ಇಳಿದಿತ್ತು. ಜೊತೆಗೆ ಚಳಿ, ಯುದ್ಧ, ಭಯ. ವಾಂತಿಯಿಂದ ಊಟ ಸೇರದಿರುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ. ನಿಮ್ಮ ವೈದ್ಯೆ ಮಗುವಿನ ಬೆಳವಣಿಗೆ ಅಳೆಯುತ್ತಲೇ ಇರುತ್ತಾರೆ. ಅವರ ಮಾತು ಕೇಳಿ, ನನ್ನದಲ್ಲ.

ವಿಷಯಕ್ಕೆ ಬಂದರೆ, ಆಗ ಹೊಟ್ಟೆಯಲ್ಲಿದ್ದ ಮಕ್ಕಳಲ್ಲಿ, ಅದರಲ್ಲೂ ಮೊದಲ ತಿಂಗಳುಗಳಲ್ಲಿ ಹಸಿವು ಕಂಡವರಲ್ಲಿ, ದೊಡ್ಡವರಾದ ಮೇಲೆ ಬೊಜ್ಜು, ಹೃದಯದ ಕಾಯಿಲೆ ಹೆಚ್ಚು ಕಂಡಿತು ಎನ್ನುವುದು ನಿಜ. 2008ರಲ್ಲಿ ಒಂದು ತಂಡ, ಅರವತ್ತು ವರ್ಷ ಕಳೆದ ಮೇಲೆ, ಅವರ ಡಿಎನ್ಎಯನ್ನು ಅವರದೇ ಒಡಹುಟ್ಟಿದವರ ಡಿಎನ್ಎ ಜೊತೆ ಹೋಲಿಸಿತು. ಐಜಿಎಫ್2 ಎಂಬ ಬೆಳವಣಿಗೆಯ ಜೀನ್ ಮೇಲೆ ಅಂಟಿಕೊಂಡಿರುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಕಡಿಮೆ ಇದ್ದವು. ಜೀನ್‌ನ ಅಕ್ಷರ ಬದಲಾಗಿರಲಿಲ್ಲ, ಮೇಲಿನ ಗುರುತು ಬದಲಾಗಿತ್ತು. ಆ ಗುರುತುಗಳಿಗೆ ಬೇಕಾದ ಮೀಥೈಲ್ ಬರುವುದು ಫೋಲೇಟ್, ಕೋಲಿನ್‌ನಂಥ ಪೋಷಕಾಂಶಗಳಿಂದ. ಊಟ ನೇರವಾಗಿ ಜೀನ್ ಮೈಮೇಲೆ ಬರೆಯುವ ಜಾಗ ಇದು.

ಆದರೆ ಆ ಗುರುತಿನಿಂದಲೇ ಕಾಯಿಲೆ ಬಂತು ಅಂತ ಆ ಅಧ್ಯಯನ ಸಾಬೀತು ಮಾಡಿಲ್ಲ. ಮೊಮ್ಮಕ್ಕಳವರೆಗೆ ಹೋಗುತ್ತದೆ ಎನ್ನುವ ಮಾತಿಗೆ ಮನುಷ್ಯರಲ್ಲಿ ಆಧಾರ ತೆಳು. ಇಲಿಗಳಲ್ಲಿ ಕಂಡದ್ದನ್ನು ತಂದು ಗರ್ಭಿಣಿಯರನ್ನು ಹೆದರಿಸುವ ವಿಡಿಯೋಗಳು ಬೇಕಾದಷ್ಟಿವೆ. ಅಮ್ಮಂದಿರ ತಲೆ ಮೇಲೆ ಇನ್ನೊಂದು ಹೊರೆ ಹಾಕಲು ಇದನ್ನು ಬಳಸುವವರನ್ನು ಕಂಡರೆ ನನಗಾಗುವುದಿಲ್ಲ.

ಪಾರಿಜಾತ

ತುಂಬಾ ಥ್ಯಾಂಕ್ಸ್ ಅಕ್ಕ. ಇನ್ನೊಂದೇ ಒಂದು. ನನಗೆ ಎಂಟಿಎಚ್‌ಎಫ್‌ಆರ್ ಜೀನ್ ಬದಲಾವಣೆ ಇದೆ. ಮಾಮೂಲಿ ಫೋಲಿಕ್ ಆಸಿಡ್ ಕೆಲಸ ಮಾಡುವುದಿಲ್ಲ, ದುಬಾರಿ ಮೀಥೈಲ್‌ಫೋಲೇಟೇ ಬೇಕು ಅಂತ ಒಂದು ಗುಂಪಿನಲ್ಲಿ ಹೇಳಿದ್ದರು.

ಕಿಣ್ವದಕೀಲಿ

ಆ ಗುಂಪಿನಲ್ಲಿ ಹೇಳಿದ್ದು ತಪ್ಪು. 677 ಸ್ಥಾನದ ಆ ಬದಲಾವಣೆ ಬಹಳ ಸಾಮಾನ್ಯ. ಎರಡು ಪ್ರತಿ ಇದ್ದರೆ ಫೋಲೇಟ್ ಬಳಸಿಕೊಳ್ಳಲು ನೆರವಾಗುವ ಕಿಣ್ವದ ವೇಗ ಕುಗ್ಗುತ್ತದೆ, ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರಬಹುದು. ಆದರೆ ಅದು ಹೆಚ್ಚಾಗಿ ಕಾಣುವುದು ಫೋಲೇಟ್ ಕಡಿಮೆ ಇರುವವರಲ್ಲಿ. ಫೋಲೇಟ್ ಸಾಕಷ್ಟು ಸಿಕ್ಕರೆ ಆ ವ್ಯತ್ಯಾಸ ಬಹುತೇಕ ಮುಚ್ಚಿಹೋಗುತ್ತದೆ. ನಾವು ಮಾತಾಡುತ್ತಿರುವ ವಿಷಯಕ್ಕೆ ಇಷ್ಟು ಚೊಕ್ಕ ಉದಾಹರಣೆ ಇನ್ನೊಂದಿಲ್ಲ.

ಮಗುವಿನ ಬೆನ್ನುಹುರಿಯ ದೋಷ ತಡೆಯುತ್ತದೆ ಎಂದು ಪ್ರಯೋಗಗಳಲ್ಲಿ ಸಾಬೀತಾಗಿರುವುದು ಮಾಮೂಲಿ ಫೋಲಿಕ್ ಆಸಿಡ್. 1991ರಲ್ಲಿ ಬ್ರಿಟನ್ನಿನ ಸಂಶೋಧನಾ ಮಂಡಳಿಯ ಪ್ರಯೋಗದಲ್ಲಿ, ಮೊದಲು ಅಂಥ ಮಗು ಆಗಿದ್ದ ತಾಯಂದಿರಲ್ಲಿ ಅದು ಮರುಕಳಿಸುವುದು ಶೇ 72 ಕಡಿಮೆಯಾಯಿತು. ಎಂಟಿಎಚ್‌ಎಫ್‌ಆರ್ ಬದಲಾವಣೆ ಇರುವವರಲ್ಲೂ ಅದು ರಕ್ತದ ಫೋಲೇಟ್ ಏರಿಸುತ್ತದೆ. ಡಾಕ್ಟರ್ ಬರೆದ ಮಾತ್ರೆಯನ್ನೇ ತೆಗೆದುಕೊಳ್ಳಿ.

ಕಡ್ಡಿಪೈಲ್ವಾನ್

ಎಲ್ಲರೂ ಊಟ ಸರಿಮಾಡಿ ಅಂತಿದ್ದೀರಿ. ನಾನು ಸಣಕಲ, ಎಣ್ಣೆ ತುಪ್ಪ ಮುಟ್ಟುವುದಿಲ್ಲ, ದಿನಾ ಓಡುತ್ತೇನೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ 240. ಮಾವನಿಗೆ ನಲವತ್ತಕ್ಕೇ ಹೃದಯಾಘಾತ ಆಗಿತ್ತು, ಅಮ್ಮನ ತಮ್ಮ. ಮಾತ್ರೆ ತಗೋ ಅಂತಾರೆ, ನನಗೆ ಊಟದಲ್ಲೇ ಇಳಿಸುವ ಹಠ.

ಕಿಣ್ವದಕೀಲಿ

ದಯವಿಟ್ಟು ಈ ಹಠ ಬಿಡಿ. ಆ ಅಂಕಿ, ಮಾವನ ಕಥೆ ಎರಡೂ ಸೇರಿದರೆ ವಂಶದಿಂದ ಬರುವ ಕೊಲೆಸ್ಟ್ರಾಲ್ ಏರಿಕೆ ಇದೆಯಾ ಅಂತ ನೋಡಲೇಬೇಕು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಗ್ರಾಹಕ ಯಕೃತ್ತಿನಲ್ಲಿ ಸಾಕಷ್ಟು ಇರುವುದಿಲ್ಲ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಇದನ್ನು ಬಿಡಿಸಿದ್ದಕ್ಕೇ 1985ರಲ್ಲಿ ನೊಬೆಲ್ ಪಡೆದರು. ಇಲ್ಲಿ ಊಟ ಸ್ವಲ್ಪ ಇಳಿಸುತ್ತದೆ, ಸಾಕಾಗುವಷ್ಟು ಇಳಿಸುವುದಿಲ್ಲ. ಹುಟ್ಟಿನಿಂದಲೇ ಏರಿರುವುದರಿಂದ ರಕ್ತನಾಳ ಬೇಗ ಕಟ್ಟಿಕೊಳ್ಳುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕಾಗುತ್ತದೆ. ಅಮ್ಮನಿಗೂ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ.

ಸಂಶಯಪ್ರಾಣಿ

ಇದು ಚೆನ್ನಾಗಿದೆ. ಪಿಕೆಯುನಲ್ಲಿ ಊಟವೇ ಔಷಧಿ, ಇಲ್ಲಿ ಊಟ ಸಾಲದು. ಯಾವ ಜೀನ್ ಅಂತ ನೋಡದೆ ತತ್ವ ಹೇಳಬಾರದು.

ನೀಲಿಛತ್ರಿ

ಎಲ್ಲರಿಗೂ ಧನ್ಯವಾದ. ಅಣ್ಣನಿಗೂ ಅತ್ತಿಗೆಗೂ ಲಿಂಕ್ ಕಳಿಸಿದೆ, ಇಬ್ಬರೂ ತಾವೇ ಗೆದ್ದೆ ಅಂತಿದ್ದಾರೆ. "ನಿಮ್ಮ ಜೀನ್‌ಗೆ ಕಡಿಮೆ ಕೊಬ್ಬಿನ ಊಟ" ಎಂಬ ಸಲಹೆಗೆ ಮಾತ್ರ ಯಾರೂ ಉತ್ತರ ಕೊಟ್ಟಿಲ್ಲ.

ಸಂಶಯಪ್ರಾಣಿ

ಅದನ್ನು ನಾನು ಹೇಳುತ್ತೇನೆ, ನನ್ನ ಇಷ್ಟದ ವಿಷಯ. ಸ್ಟ್ಯಾನ್‌ಫರ್ಡ್‌ನವರು ಸರಿಯಾಗಿ ಇದನ್ನೇ ಪರೀಕ್ಷಿಸಿದರು, ಡಯಟ್‌ಫಿಟ್ಸ್ ಎಂಬ ಪ್ರಯೋಗ, 2018. ತೂಕ ಹೆಚ್ಚಿದ್ದ 609 ಜನ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಕಡಿಮೆ ಕೊಬ್ಬಿನ ಊಟ, ಅರ್ಧ ಜನಕ್ಕೆ ಕಡಿಮೆ ಪಿಷ್ಟದ ಊಟ, ಒಂದು ವರ್ಷ. "ಕೊಬ್ಬು ಕಡಿಮೆ ಮಾಡಿದರೆ ಹೊಂದುವ ಜೀನ್", "ಪಿಷ್ಟ ಕಡಿಮೆ ಮಾಡಿದರೆ ಹೊಂದುವ ಜೀನ್" ಎಂದು ಮೊದಲೇ ಗುರುತಿಸಿದ್ದರು. ವರ್ಷದ ಕೊನೆಗೆ ಒಂದು ಗುಂಪು ಸರಾಸರಿ 5.3 ಕೆಜಿ ಇಳಿದಿತ್ತು, ಇನ್ನೊಂದು 6.0 ಕೆಜಿ. ಹೇಳಿಕೊಳ್ಳುವ ವ್ಯತ್ಯಾಸವಲ್ಲ. ಜೀನ್‌ಗೆ ಹೊಂದುವ ಊಟ ಸಿಕ್ಕವರು, ಹೊಂದದ ಊಟ ಸಿಕ್ಕವರು, ಇಬ್ಬರಿಗೂ ಅಷ್ಟೇ ಫಲ. ಆದರೆ ಎರಡೂ ಗುಂಪಿನ ಒಳಗೆ ವ್ಯತ್ಯಾಸ ಬಹಳ ದೊಡ್ಡದಿತ್ತು. ಕೆಲವರು ತುಂಬಾ ಇಳಿದರು, ಕೆಲವರು ಏರಿದರು. ಆ ವ್ಯತ್ಯಾಸವನ್ನು ಅವರು ಆರಿಸಿದ ಜೀನ್‌ಗಳು ವಿವರಿಸಲಿಲ್ಲ.

ಪೌಡರ್ ಡಬ್ಬದ ಮೇಲೆ ಇದನ್ನು ಅಚ್ಚು ಹಾಕಿಸಬೇಕು.

ಕಿಣ್ವದಕೀಲಿ

ಹೌದು. ಅವಳಿ ಮಕ್ಕಳ ಅಧ್ಯಯನಗಳಲ್ಲೂ ಹೀಗೇ. ಡಿಎನ್ಎ ಒಂದೇ ಇರುವ ಅವಳಿಗಳಿಗೆ ಒಂದೇ ಊಟ ಕೊಟ್ಟರೂ ರಕ್ತದ ಸಕ್ಕರೆ ಏರುವುದು ಬೇರೆ ಬೇರೆ. ನಿದ್ದೆ, ಊಟದ ಹೊತ್ತು, ಕರುಳಿನ ಸೂಕ್ಷ್ಮಜೀವಿಗಳು, ಎಲ್ಲಾ ಕೈ ಹಾಕುತ್ತವೆ.

ನೀಲಿಛತ್ರಿಯವರೇ, ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ. 5.7ಕ್ಕಿಂತ ಕಡಿಮೆ ಮಾಮೂಲಿ, 5.7ರಿಂದ 6.4 ಗಡಿ, 6.5 ಅಥವಾ ಅದಕ್ಕಿಂತ ಹೆಚ್ಚಾದರೆ ಸಕ್ಕರೆ ಕಾಯಿಲೆ. ಗಡಿಯಲ್ಲಿ ಬಂದರೆ ಊಟ, ವ್ಯಾಯಾಮದಿಂದ ಶೇ 58 ಕಡಿಮೆಯಾದ ಆ ಲೆಕ್ಕ ನಿಮಗಾಗಿಯೇ ಇದೆ. ಅಣ್ಣನನ್ನೂ ಕರೆದುಕೊಂಡು ಹೋಗಿ, ಅಪ್ಪ ಇಬ್ಬರಿಗೂ ಒಬ್ಬರೇ ತಾನೆ.

ನೀಲಿಛತ್ರಿ

ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಅಣ್ಣ ತಿಂಡಿ ಬಿಡುವುದಿಲ್ಲ.

ಕಿಣ್ವದಕೀಲಿ

ಎಚ್‌ಬಿಎ1ಸಿಗೆ ಬೇಕಿಲ್ಲ. ತಿಂಡಿ ತಿಂದೇ ಬರಲಿ.

ನೆಲಗುಮ್ಮ

ಮೇಡಂ, ಮಗನಿಗಿರುವ ಜಿ6ಪಿಡಿ ಕೊರತೆ ನನ್ನ ಅಣ್ಣನಿಗೂ ಇದೆ. ಅವನೂ ಇದೇ ಪರೀಕ್ಷೆ ಮಾಡಿಸಿದ್ದ, 5.4 ಅಂತ ಬಂದು ಖುಷಿಯಾಗಿದ್ದಾನೆ.

ಕಿಣ್ವದಕೀಲಿ

ಒಳ್ಳೆಯ ಸಮಯಕ್ಕೆ ಹೇಳಿದಿರಿ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಜಿ6ಪಿಡಿ ಕೊರತೆಯಲ್ಲಿ ರಕ್ತಕಣದ ಆಯಸ್ಸು ಕಡಿಮೆಯಾದರೆ ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ, ಅಂಕಿ ನಿಜಕ್ಕಿಂತ ಕಡಿಮೆ ಬರಬಹುದು. ನಿಮ್ಮ ಅಣ್ಣ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಒಮ್ಮೆ ನೋಡಿಸಿಕೊಳ್ಳಲಿ, ಕೊರತೆ ಇರುವುದನ್ನು ಡಾಕ್ಟರ್‌ಗೆ ಮೊದಲೇ ಹೇಳಲಿ. ಅವರು ಮಾತ್ರ ತಿಂಡಿ ಬಿಡಬೇಕು.